ಮೆಟ್ಟಿಲ ನಡುವಿನ ಕಟ್ಟೆ

ಅವರ ಅಂತ್ಯಕ್ರಿಯೆಗೆ ನಾನು ಹತ್ತು ನಿಮಿಷ ಮೊದಲೇ ಹೋಗಿ ನಿಂತಿದ್ದೆ. ಹನ್ನೊಂದು ಗಂಟೆಗೆ ಎಂದು ತಿಳಿಸಿದ್ದರು. ಶವ ಬಂದಾಗ ಹನ್ನೊಂದು ನಲವತ್ತು. ನಾವಿಬ್ಬರೂ ಮೂವತ್ತೊಂದು ವರ್ಷ ಒಂದೇ ಆಫೀಸಿನಲ್ಲಿ ಕೆಲಸ ಮಾಡಿದವರು. ಅಷ್ಟು ವರ್ಷಗಳಲ್ಲಿ ಅವರು ಹೇಳಿದ ಹೊತ್ತಿಗೆ ಬಂದದ್ದನ್ನು ನಾನು ನೋಡಿಲ್ಲ. ಕೊನೆಯ ದಿನವೂ ರೂಢಿ ಬಿಡಲಿಲ್ಲ. ಎಂದಿನಂತೆ ಅಂದೂ ಯಾರೂ ಬೇಸರಪಟ್ಟುಕೊಳ್ಳಲಿಲ್ಲ.

ಎಣಿಸುವುದು ನನ್ನ ಚಟ. ಸ್ಮಶಾನದ ಗೇಟಿನೊಳಗೆ ಇನ್ನೂರ ಹದಿನಾಲ್ಕು ಜನ ಇದ್ದರು. ಅವರಲ್ಲಿ ಮೂವತ್ತು ನಲವತ್ತು ಮಂದಿ ಯಾದಗಿರಿ, ಶಹಾಪುರದ ಕಡೆಯ ಗೌಂಡಿಗಳು. ಶಂಶಾಬಾದಿನ ಯಾವುದೋ ಕಟ್ಟಡದ ಕೆಲಸ ಅರ್ಧಕ್ಕೆ ನಿಲ್ಲಿಸಿ, ಒಂದು ಟ್ರಕ್ಕು ಮಾಡಿಕೊಂಡು ಬಂದಿದ್ದರು. ಕೈಯಲ್ಲಿ ಇನ್ನೂ ಸಿಮೆಂಟು ಇತ್ತು. ನನ್ನ ಸಲುವಾಗಿ ಎಷ್ಟು ಜನ ಬರಬಹುದೆಂದು ಅಲ್ಲೇ ನಿಂತು ಲೆಕ್ಕ ಹಾಕಿದೆ. ನಲವತ್ತು ದಾಟಲಿಲ್ಲ, ಅದೂ ಸೊಸೆಯ ತವರಿನವರನ್ನು ಸೇರಿಸಿ. ಸತ್ತವರ ಮೇಲೂ ಹೊಟ್ಟೆಕಿಚ್ಚು ಪಡಬಹುದು ಎಂಬುದು ನನಗೆ ಆ ದಿನ ತಿಳಿಯಿತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಕ್ಷೆಗಳ ಬಲ ಮೂಲೆಯಲ್ಲಿ ಅವರ ಹೆಸರು ಬೇಕಾದಷ್ಟು ಸಲ ಬಂದಿದೆ. ಇದೊಂದು ಕಾಗದದ ಮೇಲೆ ಬರದಿದ್ದರೆ ನಷ್ಟವಿಲ್ಲ.

ನಾನು ಬೆಳೆದದ್ದು ಕಲಬುರಗಿಯ ಒಂದು ಹಾಸ್ಟೆಲಿನಲ್ಲಿ. ಐದಕ್ಕೆ ಗಂಟೆ, ಐದೂಕಾಲಿಗೆ ಸಾಲು, ಐದೂವರೆಗೆ ತಣ್ಣೀರು. ಹಾಸಿಗೆಯ ನಾಲ್ಕು ಮೂಲೆ ನೇರ ಇರದಿದ್ದರೆ ಆ ದಿನ ಬೆಳಗಿನ ಉಪ್ಪಿಟ್ಟು ಇಲ್ಲ. ಗಣಿತದ ಮೇಷ್ಟ್ರು ಒಂದೇ ಪಾಠ ಹತ್ತು ವರ್ಷ ಹೇಳಿದರು: ಉತ್ತರ ತಪ್ಪಾದರೆ ಕ್ಷಮಿಸುತ್ತೇನೆ, ತಪ್ಪು ಉತ್ತರಕ್ಕೆ ಸರಿ ಗುರುತು ಹಾಕಿಕೊಂಡರೆ ಕ್ಷಮಿಸುವುದಿಲ್ಲ. ಈ ಪಾಠವೇ ನನಗೆ ಅನ್ನ ಕೊಟ್ಟಿತು. ಡಿಪ್ಲೊಮಾ ಮುಗಿಸಿ ಹೈದರಾಬಾದಿಗೆ ಬಂದು, ಹಿಮಾಯತ್‌ನಗರದಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಎರಡನೇ ಮಹಡಿಯಲ್ಲಿದ್ದ ಆರ್ಕಿಟೆಕ್ಟರ ಆಫೀಸು ಸೇರಿದೆ. ಐದಾರು ವರ್ಷದಲ್ಲಿ ಯಜಮಾನರು ನನ್ನನ್ನು ನಕ್ಷೆ ತಪಾಸಣೆಗೆ ಕೂರಿಸಿದರು. ನಾವು ಅವರನ್ನು ದೊಡ್ಡ ಸಾಹೇಬರು ಎನ್ನುತ್ತಿದ್ದೆವು. ಹಳೇ ಹೈದರಾಬಾದಿನ ಮನುಷ್ಯ, ಉರ್ದುವಿನಲ್ಲೇ ಬೈಯುತ್ತಿದ್ದರು, ಉರ್ದುವಿನಲ್ಲೇ ಹೊಗಳುತ್ತಿದ್ದರು.

ತಪಾಸಣೆಯ ಪದ್ಧತಿ ಹೀಗೆ. ಕಂಪ್ಯೂಟರು ಬರುವ ಮುಂಚಿನ ಮಾತು. ನಕ್ಷೆ ಬರೆದವರು ಅದರ ಒಂದು ಪ್ರಿಂಟು ತೆಗೆದು ನನ್ನ ಮೇಜಿಗೆ ಕಳಿಸಬೇಕು. ನಾನು ಕೆಂಪು ಪೆನ್ಸಿಲಿನಿಂದ ಪ್ರತಿ ಅಂಕಿಯನ್ನೂ ನೋಡಿ, ಸರಿ ಇದ್ದರೆ ಪಕ್ಕದಲ್ಲಿ ಸಣ್ಣ ಗುರುತು ಹಾಕುತ್ತೇನೆ. ತಪ್ಪಿದ್ದರೆ ಸುತ್ತ ಒಂದು ಸುತ್ತು ಬರೆಯುತ್ತೇನೆ. ನೋಡಿ ಮುಗಿಸಿದ ಪ್ರಿಂಟು ಅದೇ ದಿನ ಐದು ಗಂಟೆಯೊಳಗೆ ಬರೆದವರ ಮೇಜಿಗೆ ಹೋಗಬೇಕು. ಅವರು ತಿದ್ದಿದ ಮೇಲೆ ಮೂಲ ಹಾಳೆಗೆ ನನ್ನ ಸಹಿ. ನನ್ನ ಸಹಿ ಬಿದ್ದ ನಕ್ಷೆಯಲ್ಲಿ ತಪ್ಪು ಹುಡುಕುವುದು ಸುಮ್ಮನೆ ಹೊತ್ತು ಕಳೆಯುವುದು ಎಂದು ದೊಡ್ಡ ಸಾಹೇಬರು ಹೊರಗಿನವರ ಎದುರು ಹೇಳುತ್ತಿದ್ದರು. ನನ್ನ ಬದುಕಿನ ಆಸ್ತಿ ಎಂದರೆ ಈ ಒಂದು ಮಾತು.

ಈಗ ತೀರಿಹೋದ ಅವರು ಆಫೀಸಿಗೆ ಬಂದದ್ದು ನನಗಿಂತ ಎಂಟು ವರ್ಷ ತಡವಾಗಿ. ಸುರಪುರದ ಕಡೆಯವರು, ನನ್ನಂತೆಯೇ ಡಿಪ್ಲೊಮಾ. ಮೊದಲ ದಿನ ಹತ್ತೂವರೆಗೆ ಬಂದರು, ಆಫೀಸು ಒಂಬತ್ತಕ್ಕೆ. ಯಾಕೆ ಎಂದು ಕೇಳಿದೆ. ದಾರಿಯಲ್ಲಿ ಒಂದು ಹಳೆಯ ಮನೆ ಕೆಡವುತ್ತಿದ್ದರಂತೆ, ಅದರ ಬಾಗಿಲ ಕಮಾನು ನೋಡುತ್ತ ನಿಂತರಂತೆ. ಹೇಳಿದ್ದಷ್ಟೇ ಅಲ್ಲ, ಆಫೀಸಿನಲ್ಲಿ ನಿಂತಲ್ಲೇ ಒಂದು ರದ್ದಿ ಕಾಗದದ ಮೇಲೆ ಆ ಕಮಾನನ್ನು ಬರೆದು ತೋರಿಸಿದರು. ಬೈಯಲು ಹೊರಗೆ ಬಂದ ದೊಡ್ಡ ಸಾಹೇಬರು ಕಾಗದ ನೋಡಿ, ಅದನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡು ಒಳಗೆ ಹೋದರು. ನನ್ನ ಯಾವ ಕಾಗದವೂ ಆ ಜೇಬಿಗೆ ಹೋಗಿದ್ದಿಲ್ಲ.

ಅವರಿಗೆ ಸ್ಕೇಲು ಬೇಕಿರಲಿಲ್ಲ. ಬರಿಗೈಯಲ್ಲಿ ಎರಡು ಅಡಿ ಉದ್ದದ ಗೆರೆ ಎಳೆಯುತ್ತಿದ್ದರು. ಒಂದು ದಿನ ಎಲ್ಲರೂ ಊಟಕ್ಕೆ ಎದ್ದ ಮೇಲೆ ನಾನು ಆ ಗೆರೆಯ ಮೇಲೆ ಉಕ್ಕಿನ ಸ್ಕೇಲು ಇಟ್ಟು ನೋಡಿದೆ. ಕೂದಲಿನಷ್ಟು ವ್ಯತ್ಯಾಸವಿತ್ತು. ಆ ಕೂದಲಿನಷ್ಟು ವ್ಯತ್ಯಾಸ ನನಗೆ ಒಂದು ವಾರ ಸಮಾಧಾನ ಕೊಟ್ಟಿತು.

ಅವರ ಮೇಜು ಒಂದು ತಿಪ್ಪೆ. ಅದರ ಮೇಲೆ ನಕ್ಷೆ, ಬಜ್ಜಿ ಕಟ್ಟಿ ತಂದ ಪೇಪರು, ಇಟ್ಟಿಗೆ ಚೂರು, ಯಾರದೋ ಮದುವೆ ಪತ್ರಿಕೆ. ಆಫೀಸಿನಲ್ಲಿ ಚಹಾ ಮೊದಲು ಹೋಗುತ್ತಿದ್ದದ್ದು ಆ ಮೇಜಿಗೆ. ಚಹಾದ ಮುದುಕ ಅವರ ಹತ್ತಿರ ಐದು ನಿಮಿಷ ನಿಂತು ಮಗಳ ಅತ್ತೆ ಮನೆಯ ಸುದ್ದಿ ಹೇಳಿ, ಆಮೇಲೆ ನನ್ನ ಕಡೆಗೆ ಬರುತ್ತಿದ್ದ. ನನಗೆ ಸಿಗುತ್ತಿದ್ದದ್ದು ಆರಿದ ಚಹಾ.

ಅವರು ನನ್ನನ್ನು ಮಾಸ್ತರ ಎಂದು ಕರೆಯುತ್ತಿದ್ದರು. ಆಫೀಸಿನವರು ಬೆನ್ನ ಹಿಂದೆ ಘಡೀ ಸಾಬ್, ಅಂದರೆ ಗಡಿಯಾರದ ಸಾಹೇಬ, ಎನ್ನುತ್ತಿದ್ದರೆಂದು ನನಗೆ ಗೊತ್ತು. ಅವರು ಮಾಸ್ತರ ಎಂದು ಕರೆದದ್ದು ಎದುರಿಗೇ, ಅದೂ ಗೌರವದಿಂದ. ಅದೂ ನನಗೆ ಹಿಡಿಸುತ್ತಿರಲಿಲ್ಲ.

ಒಂದು ಯುಗಾದಿಗೆ ಅವರು ನಮ್ಮ ಮನೆಗೆ ಊಟಕ್ಕೆ ಬಂದರು. ಹನ್ನೆರಡೂವರೆಗೆ ಹೇಳಿದ್ದೆ, ಎರಡಕ್ಕೆ ಬಂದರು. ನನ್ನ ಹೆಂಡತಿ ಹೋಳಿಗೆಯನ್ನು ಮೂರು ಸಲ ಬಿಸಿ ಮಾಡಿದಳು, ಒಮ್ಮೆಯೂ ಗೊಣಗಲಿಲ್ಲ. ಅವರು ಹೋದ ಮೇಲೆ, ‘ಆ ಮನಷ್ಯಾ ಬಂದ್ರ ಮನಿ ತುಂಬಿಧಂಗ ಆಗ್ತೈತಿ ನೋಡ್ರಿ’ ಎಂದಳು.

‘ನಾ ಬಂದ್ರ?’ ಎಂದೆ.

‘ನೀವು ಬಂದ್ರ ಆರು ಗಂಟೆ ಆತು ಅಂತ ಗೊತ್ತಾಗ್ತೈತಿ.’

ಇನ್ನು ಅಮೆರಿಕಾದವನ ವಿಷಯ. ಅಬಿಡ್ಸ್‌ನಲ್ಲಿ ಭಾನುವಾರ ಹಳೇ ಪುಸ್ತಕಗಳನ್ನು ಫುಟ್‌ಪಾತಿನ ಮೇಲೆ ಹರಡುತ್ತಾರೆ. ಅಲ್ಲಿ ಅವರಿಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ಕಳೆದ ಶತಮಾನದ ಮೊದಲ ವರ್ಷಗಳಲ್ಲಿ ಅಮೆರಿಕಾದ ಸಣ್ಣ ಸಣ್ಣ ಊರುಗಳಲ್ಲಿ ಕಟ್ಟಡ ಕಟ್ಟಿಸಿದ ಒಬ್ಬ ಆರ್ಕಿಟೆಕ್ಟನ ಪುಸ್ತಕ. ರಟ್ಟು ಹೋಗಿತ್ತು, ಮೊದಲ ಹಾಳೆಗಳೂ ಹೋಗಿದ್ದವು. ಹಾಗಾಗಿ ಅವನ ಹೆಸರು ನಮಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ‘ಅಮೆರಿಕಾದವ’ ಎಂದರೆ ಆಫೀಸಿಗೆಲ್ಲ ತಿಳಿಯುತ್ತಿತ್ತು.

ಒಂದು ಗಂಟೆಗೆ ಡಬ್ಬಿ ಬಿಚ್ಚಿದರೆ ಅಮೆರಿಕಾದವನ ಕಥೆ ಶುರು. ಅವನು ಬಡಗಿಯ ಮಗ. ಹನ್ನೊಂದು ವರ್ಷ ಇನ್ನೊಬ್ಬರ ಆಫೀಸಿನಲ್ಲಿ ಇನ್ನೊಬ್ಬರ ಹೆಸರಿಗೆ ನಕ್ಷೆ ಬರೆದ. ಮೊದಲು ಸ್ವಂತ ಕಟ್ಟಿದ್ದು ಮನೆಯಷ್ಟೇ ದೊಡ್ಡದಾದ ಒಂದು ಬ್ಯಾಂಕು. ಅದಕ್ಕೆ ಎಷ್ಟು ಭಾರದ ಬಾಗಿಲು ಇಟ್ಟನೆಂದರೆ ಊರ ಹೆಂಗಸರಿಗೆ ತೆಗೆಯಲು ಆಗಲಿಲ್ಲ. ಸುದ್ದಿ ತಿಳಿದು ಎರಡು ದಿನ ರೈಲಿನಲ್ಲಿ ಬಂದು ತಾನೇ ನಿಂತು ಬೇರೆ ಬಾಗಿಲು ಕೂರಿಸಿ ಹೋದ. ಆಮೇಲೆ ರೈಲು ಸ್ಟೇಷನ್ನು, ಶಾಲೆ, ಊರಿಗೊಂದು ಲೈಬ್ರರಿ. ಕಂಕುಳಲ್ಲಿ ನಕ್ಷೆಯ ಸುರುಳಿ, ಜೇಬಿನಲ್ಲಿ ಬ್ರೆಡ್ಡು. ಕೊನೆಗೆ ಕಾಲ ಬದಲಾಯಿತು, ಜನ ಗಾಜಿನ ಪೆಟ್ಟಿಗೆಗಳಂಥ ಕಟ್ಟಡ ಕೇಳತೊಡಗಿದರು, ಅವನ ಆಫೀಸು ಮುಚ್ಚಿತು. ಮುಪ್ಪಿನಲ್ಲಿ ತನ್ನ ಶಿಷ್ಯನ ಆಫೀಸಿನಲ್ಲೇ ಮೂಲೆಯ ಮೇಜಿಗೆ ಕೆಲಸಕ್ಕೆ ಕುಳಿತ. ಇದನ್ನು ಹೇಳುವಾಗ ಎಲ್ಲರ ಕೈ ರೊಟ್ಟಿಯ ಮೇಲೆ ನಿಂತುಬಿಡುತ್ತಿತ್ತು.

ನಾನು ಒಂದೂಕಾಲಿಗೆ ಊಟ ಮುಗಿಸಿ ಏಳುವವನು. ಆದರೂ ನೀರು ಕುಡಿಯುವ ನೆಪದಲ್ಲಿ ಅಲ್ಲೇ ನಿಲ್ಲುತ್ತಿದ್ದೆ. ಸತ್ತು ಎಷ್ಟೋ ವರ್ಷವಾದ, ಹೆಸರೂ ಗೊತ್ತಿಲ್ಲದ ಒಬ್ಬ ಮನುಷ್ಯನ ಮೇಲೆ ನನಗೆ ಹೊಟ್ಟೆಕಿಚ್ಚು. ಅವನಿಗೆ ಇಂಥ ಕಥೆ ಹೇಳುವವರು ಸಿಕ್ಕಿದ್ದರಲ್ಲ ಎಂದು.

ಈಗ ಆ ತಪ್ಪಿನ ವಿಷಯಕ್ಕೆ ಬರುತ್ತೇನೆ.

ಸುಮಾರು ಇಪ್ಪತ್ತೈದು ವರ್ಷದ ಹಿಂದೆ ಒಂದು ಟ್ರಸ್ಟಿನವರು ಗಚ್ಚಿಬೌಲಿಯಲ್ಲಿ ಲೈಬ್ರರಿ ಕಟ್ಟಿಸಲು ಬಂದರು. ಆಗ ಅಲ್ಲಿ ಬಂಡೆಗಳು, ಸೀತಾಫಲದ ಪೊದೆ, ಅಷ್ಟೇ. ಆಫೀಸಿನಲ್ಲಿ ಹಿರಿಯ ನಾನು. ಈ ಸಲವಾದರೂ ವಿನ್ಯಾಸ ನನಗೆ ಕೊಡುತ್ತಾರೆ ಎಂದುಕೊಂಡಿದ್ದೆ. ಮನೆಯಲ್ಲಿ ಹೆಂಡತಿಗೆ ಹೇಳಿಯೂ ಬಿಟ್ಟಿದ್ದೆ. ಸೋಮವಾರ ಬೆಳಿಗ್ಗೆ ದೊಡ್ಡ ಸಾಹೇಬರು ಎಲ್ಲರನ್ನೂ ಕರೆದು ಲೈಬ್ರರಿ ಅವರಿಗೆ ಎಂದರು. ಅವರಿಗೆ ಬೇರೆ ಕೋಣೆಯನ್ನೂ ಕೊಟ್ಟರು. ನಕ್ಷೆಯ ಮೂಲೆಯಲ್ಲಿ ‘ವಿನ್ಯಾಸ’ ಎಂಬ ಸಾಲಿನ ಮುಂದೆ ಅವರ ಹೆಸರು ಎಂದೂ ಹೇಳಿದರು. ನನ್ನ ಕಡೆ ತಿರುಗಿ, ‘ಆಪ್ ಚೆಕ್ ಕರ್‌ಲೋ ಮಿಯಾ, ಆಪ್ಕಾ ಕಾಮ್ ವಹೀಚ್ ಹೈ’ ಎಂದರು. ನಿಮ್ಮ ಕೆಲಸ ಅದೇ ತಾನೇ ಎಂದು. ಸಾಹೇಬರು ಕೆಟ್ಟದ್ದು ಎಂದುಕೊಂಡು ಹೇಳಲಿಲ್ಲ. ಅದಕ್ಕೇ ಆ ಮಾತು ಹೆಚ್ಚು ನಾಟಿತು.

ಲೈಬ್ರರಿಯ ನೆಲಮಹಡಿಯ ಎತ್ತರ ಮೊದಲು ಹನ್ನೆರಡು ಅಡಿ ಇತ್ತು. ಒಂದೊಂದು ಮೆಟ್ಟಿಲು ಆರು ಇಂಚು, ಒಟ್ಟು ಇಪ್ಪತ್ತನಾಲ್ಕು ಮೆಟ್ಟಿಲು. ನಡುವೆ ಟ್ರಸ್ಟಿನವರು ಓದುವ ಕೋಣೆಗೆ ಗಾಳಿ ಬೇಕು, ಒಂದೂವರೆ ಅಡಿ ಎತ್ತರಿಸಿ ಎಂದರು. ವಿನ್ಯಾಸ ವಹಿಸಿಕೊಂಡಿದ್ದ ಅವರು ಎಲ್ಲ ನಕ್ಷೆಯಲ್ಲೂ ಎತ್ತರ ತಿದ್ದಿದರು. ಮೆಟ್ಟಿಲಿನ ನಕ್ಷೆಯಲ್ಲಿ ಮಾತ್ರ ಇಪ್ಪತ್ತನಾಲ್ಕು ಹಾಗೇ ಉಳಿಯಿತು. ಇಪ್ಪತ್ತೇಳು ಆಗಬೇಕಿತ್ತು. ಮೂರು ಮೆಟ್ಟಿಲು ಕಡಿಮೆ.

ಪ್ರಿಂಟು ನನ್ನ ಮೇಜಿಗೆ ಬಂದದ್ದು ಮಧ್ಯಾಹ್ನ ಮೂರಕ್ಕೆ. ಮೂರೂ ಹತ್ತಕ್ಕೆ ತಪ್ಪು ಕಂಡಿತು. ಕೆಂಪು ಪೆನ್ಸಿಲು ಎತ್ತಿದೆ. ಆಚೆ ಹೊಸ ಕೋಣೆಯಲ್ಲಿ ಅವರು ಯಾರಿಗೋ ಏನೋ ಹೇಳಿ ನಗಿಸುತ್ತಿದ್ದರು. ನಾನು ಪೆನ್ಸಿಲನ್ನು ಪಕ್ಕದ ಅಂಕಿಗೆ ಒಯ್ದೆ. ಆ ಹಾಳೆಯಲ್ಲಿ ನೂರ ಹದಿನೆಂಟು ಅಂಕಿಗಳಿದ್ದವು, ನೂರ ಹದಿನೇಳಕ್ಕೆ ಗುರುತು ಹಾಕಿದೆ. ಇಪ್ಪತ್ತನಾಲ್ಕರ ಸುತ್ತ ಸುತ್ತು ಬರೆಯಲಿಲ್ಲ. ಸರಿ ಎಂದು ಗುರುತು ಹಾಕಲು ಕೈ ಬರಲಿಲ್ಲ. ಹಾಸ್ಟೆಲಿನ ಮೇಷ್ಟ್ರು ಕೈ ಹಿಡಿದರು. ನಾಲ್ಕೂ ಐವತ್ತಕ್ಕೆ ಪ್ರಿಂಟನ್ನು ಅವರ ಮೇಜಿನ ಮೇಲೆ ಇಟ್ಟು, ಮೂಲ ಹಾಳೆಗೆ ಸಹಿ ಹಾಕಿ, ಐದಕ್ಕೆ ಮನೆಗೆ ಹೊರಟೆ.

ಅವರು ಪ್ರಿಂಟಿನಲ್ಲಿ ಸುತ್ತುಗಳನ್ನು ಮಾತ್ರ ಹುಡುಕುವ ಮನುಷ್ಯ. ಸುತ್ತು ಇಲ್ಲವೆಂದರೆ ಎಲ್ಲ ಸರಿ ಎಂದು ಲೆಕ್ಕ. ನನ್ನನ್ನು ಅಷ್ಟು ನಂಬಿದ್ದರು.

ಎರಡು ತಿಂಗಳ ಮೇಲೆ ಗಚ್ಚಿಬೌಲಿಯಿಂದ ಗೌಂಡಿಗಳ ಮೇಸ್ತ್ರಿ ಬಂದ. ಯಾದಗಿರಿಯವನು, ದೊಡ್ಡ ಗಂಟಲು. ಕೆಳಗಿನ ಅರ್ಧ ಮೆಟ್ಟಿಲು ಕಾಂಕ್ರೀಟು ಹಾಕಿ ಮುಗಿಸಿದ್ದ, ಮೇಲಿನ ಅರ್ಧಕ್ಕೆ ಹಲಗೆ ಕಟ್ಟುವಾಗ ಗೊತ್ತಾಗಿತ್ತು.

‘ಸಾಹೇಬ್ರ, ಪಾವಟಿಗಿ ಮುಗದಾವು, ಮ್ಯಾಲಿನ ನೆಲ ಇನ್ನೂ ಅಲ್ಲೆ ಐತ್ರಿ. ಓದಾಕ ಬಂದ ಮಂದಿ ಜಿಗದು ಹೋಗ್ಬೇಕೇನ್ರಿ?’

ಮೆಟ್ಟಿಲಿಗೆ ಬಿಟ್ಟ ಜಾಗದಲ್ಲಿ ಇನ್ನು ಮೂರು ಮೆಟ್ಟಿಲು ಕೂರುವಂತಿರಲಿಲ್ಲ. ಆ ಕಡೆ ಗೋಡೆ. ದೊಡ್ಡ ಸಾಹೇಬರು ಮೂಲ ನಕ್ಷೆ ತರಿಸಿ, ನನ್ನ ಸಹಿ ನೋಡಿ, ನನ್ನನ್ನು ನೋಡಿದರು. ಇಪ್ಪತ್ತು ವರ್ಷದ ಆಸ್ತಿ ಮೂರು ಉಸಿರಿನಲ್ಲಿ ಹೋಗುವಂತಿತ್ತು.

ಆಗ ಅವರು ಹೇಳಿದರು: ‘ಮಾಸ್ತರ್ರದು ತಪ್ಪಿಲ್ರಿ. ಅವರು ನೋಡಿ ಕೊಟ್ಟ ಮ್ಯಾಲೆ ನಾನು ಎತ್ತರ ಬದಲಿ ಮಾಡೇನಿ. ಪಾವಟಿಗಿ ಮರತೆ.’

ಹಾಗಾದರೆ ತಪಾಸಣೆಯ ಪ್ರಿಂಟು ತೋರಿಸಿ ಎಂದರು ದೊಡ್ಡ ಸಾಹೇಬರು. ಗುರುತಿಲ್ಲದ ಆ ಒಂದು ಅಂಕಿ ಸಾಹೇಬರ ಕಣ್ಣಿಗೆ ಬಿದ್ದರೆ ನಾನು ನೋಡಿಯೂ ಬಿಟ್ಟೆ ಎಂಬುದು ಕನ್ನಡಿಯಷ್ಟು ಸ್ಪಷ್ಟ. ಅವರು ತಮ್ಮ ಮೇಜಿನ ತಿಪ್ಪೆ ಕೆದಕಿದರು. ಬಜ್ಜಿ ಪೇಪರು ಬಂತು, ಮದುವೆ ಪತ್ರಿಕೆ ಬಂತು, ಪ್ರಿಂಟು ಬರಲಿಲ್ಲ. ಕಳೆದುಹೋಗಿದೆ ಎಂದರು. ಯಾರಿಗೂ ಆಶ್ಚರ್ಯವಾಗಲಿಲ್ಲ. ದೊಡ್ಡ ಸಾಹೇಬರು ಅವರನ್ನು ಹತ್ತು ನಿಮಿಷ ಬೈದರು, ಮೇಸ್ತ್ರಿಯ ಎದುರಿಗೇ. ಕೋಣೆ ವಾಪಸು ತೆಗೆದುಕೊಳ್ಳುತ್ತೇನೆ ಎಂದರು. ಎಲ್ಲ ಮುಗಿದ ಮೇಲೆ ನಾನೂ ಎರಡು ಮಾತು ಆಡಿದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ‘ಕಾಗದ ಕಾಯೋದು ಕಲೀರಿ’ ಎಂದೆ.

‘ಹೌದ್ರಿ ಮಾಸ್ತರ. ನಿಮ್ಮಂಗ ನನಗ ಬರಂಗಿಲ್ಲ’ ಎಂದರು.

ಮರುದಿನ ಅವರು ಗಚ್ಚಿಬೌಲಿಗೆ ಹೋಗಿ ಮೇಸ್ತ್ರಿಯ ಜೊತೆ ಸಂಜೆಯವರೆಗೆ ಬಂಡೆಯ ಮೇಲೆ ಕುಳಿತಿದ್ದರಂತೆ. ಅದರ ಮರುದಿನ ಹೊಸ ನಕ್ಷೆ ನನ್ನ ಮೇಜಿನ ಮೇಲಿತ್ತು. ಮೆಟ್ಟಿಲ ನಡುವೆ ತಿರುಗುವ ಜಾಗವಿರುತ್ತದಲ್ಲ, ಅದನ್ನು ಗೋಡೆಯಿಂದ ಮೂರು ಅಡಿ ಹೊರಗೆ ಚಾಚಿದ್ದರು. ಸಿಕ್ಕ ಜಾಗದ ಒಂದು ಬದಿಗೆ ಕಡಿಮೆಯಾದ ಮೂರು ಮೆಟ್ಟಿಲು ಕೂತವು. ಇನ್ನೊಂದು ಬದಿಗೆ ಉಳಿದ ಮೂಲೆಯಲ್ಲಿ ಶಹಾಬಾದಿ ಕಲ್ಲಿನ ಒಂದು ಕಟ್ಟೆ, ಕಟ್ಟೆಯ ಹಿಂದೆ ಅಗಲವಾದ ಕಿಟಕಿ. ಕಿಟಕಿಯ ಆಚೆ ಒಂದರ ಮೇಲೊಂದು ಕುಳಿತ ಎರಡು ಬಂಡೆ. ನೂರ ಮೂವತ್ತು ಅಂಕಿಗಳಿದ್ದವು. ಎಲ್ಲವನ್ನೂ ಎರಡು ಸಲ ನೋಡಿದೆ. ಎಲ್ಲವೂ ಸರಿ ಇದ್ದವು.

ಆ ಕಟ್ಟೆಯೇ ಅವರ ಹೆಸರಾಯಿತು. ಲೈಬ್ರರಿ ತೆರೆದ ದಿನ ಬಂದವರೆಲ್ಲ ಓದುವ ಕೋಣೆಗೆ ಹೋಗುವ ಮುಂಚೆ ಅಲ್ಲಿ ಕುಳಿತರು. ಪತ್ರಿಕೆಯಲ್ಲಿ ಅದರ ಚಿತ್ರ ಬಂತು. ಮನೆ ಕಟ್ಟಿಸುವವರು ಬಂದು, ನಮಗೂ ಮೆಟ್ಟಿಲ ನಡುವೆ ಕಟ್ಟೆ ಇಡಿ ಎಂದು ಕೇಳತೊಡಗಿದರು. ಆಸ್ಪತ್ರೆ, ಶಾಲೆ, ಮದುವೆ ಮಂಟಪ, ಅವರು ಬರೆದಲ್ಲೆಲ್ಲ ಆ ಕಟ್ಟೆ ಬಂತು. ದೊಡ್ಡ ಸಾಹೇಬರು ಅವರನ್ನು ಪಾಲುದಾರರನ್ನಾಗಿ ಮಾಡಿಕೊಂಡರು. ನಾನು ಕುಳಿತು ಆ ಕಟ್ಟೆಗಳ ಅಂಕಿಗಳಿಗೆಲ್ಲ ಗುರುತು ಹಾಕಿದೆ.

ಇನ್ನೂ ಕೀಳಾದ ಮಾತೊಂದು ಹೇಳಬೇಕು. ಒಮ್ಮೊಮ್ಮೆ ನನಗೆ ಅನ್ನಿಸುತ್ತಿತ್ತು: ನಾನು ಆ ದಿನ ಸುತ್ತು ಬರೆದಿದ್ದರೆ ಈ ಕಟ್ಟೆ ಎಲ್ಲಿಂದ ಬರುತ್ತಿತ್ತು? ಇದರಲ್ಲಿ ಅರ್ಧ ನನ್ನದು. ಮಾಡಿದ ದ್ರೋಹಕ್ಕೂ ಪಾಲು ಕೇಳುವಷ್ಟು ಬೆಳೆದಿತ್ತು ನನ್ನ ಹೊಟ್ಟೆಕಿಚ್ಚು.

ನನ್ನನ್ನು ಕಾಡಿದ ಪ್ರಶ್ನೆ ಒಂದೇ. ಅವರಿಗೆ ಗೊತ್ತಿತ್ತೋ ಇಲ್ಲವೋ? ಮಾಸ್ತರ ತಪ್ಪು ಬಿಡುವುದೇ ಇಲ್ಲ ಎಂದು ನಂಬಿ, ತಾವೇ ಆಮೇಲೆ ಬದಲಿಸಿರಬೇಕೆಂದು ನಿಜವಾಗಿ ತಿಳಿದಿದ್ದರೆ ನನ್ನ ಸಹಿ ಇನ್ನೂ ಚೊಕ್ಕ. ಗೊತ್ತಿದ್ದೂ ಹಾಗೆ ಹೇಳಿದ್ದರೆ ಅಂದಿನಿಂದ ನಾನು ಅವರ ದಯೆಯಲ್ಲಿ ಕುಳಿತಿದ್ದೆ. ಮರೆಯುವ ಸ್ವಭಾವದವರು, ಗೊತ್ತಿರಲಾರದು ಎಂದು ಸಮಾಧಾನ ಮಾಡಿಕೊಂಡೆ.

ಆದರೆ ಆ ಘಟನೆಯಾಗಿ ಹದಿನೈದು ದಿನಕ್ಕೆ ಊಟದ ಹೊತ್ತಿನಲ್ಲಿ ಅವರು ಅಮೆರಿಕಾದವನ ಒಂದು ಹೊಸ ಕಥೆ ಹೇಳಿದ್ದರು. ಅಮೆರಿಕಾದವನ ಆಫೀಸಿನಲ್ಲೂ ನಕ್ಷೆ ತಪಾಸಣೆಗೆ ಒಬ್ಬ ಹಿರಿಯನಿದ್ದನಂತೆ. ಒಂದು ದಿನ ಅವನು ಬೇಕೆಂದೇ ಒಂದು ತಪ್ಪನ್ನು ಹಾಗೆ ಬಿಟ್ಟನಂತೆ. ಶಾಲೆಯ ಗೋಡೆ ಅರ್ಧ ಎದ್ದ ಮೇಲೆ ಗೊತ್ತಾಯಿತಂತೆ. ಅಮೆರಿಕಾದವ ಅವನನ್ನು ಕೇಳಲೂ ಇಲ್ಲ, ಬೈಯಲೂ ಇಲ್ಲ. ಮುಂದಿನ ನಕ್ಷೆಯನ್ನು ಎಂದಿನಂತೆ ಅವನ ಮೇಜಿನ ಮೇಲೆ ಇಟ್ಟನಂತೆ.

ನಾನು ನೀರಿನ ಲೋಟ ಹಿಡಿದು ನಿಂತಿದ್ದೆ. ಯಾರೋ, ಅಂಥವನನ್ನು ಯಾಕೆ ಇಟ್ಟುಕೊಂಡ ಎಂದು ಕೇಳಿದರು.

ಅವರು ಶೇಂಗಾ ಚಟ್ನಿ ಒರೆಸಿ ತಿನ್ನುತ್ತ, ‘ತಪ್ಪ ಬಿಟ್ಟಿದ್ದು ಒಂದ ದಿನ. ಹಿಡದಿದ್ದು ಹದಿನೈದು ವರ್ಷ. ಎಣಸವ್ರು ಯಾವ್ದ ಎಣಸ್ಬೇಕ್ರಿ?’ ಎಂದರು. ನನ್ನ ಕಡೆ ನೋಡಲಿಲ್ಲ. ಪುಸ್ತಕದಲ್ಲಿ ಇದ್ದದ್ದನ್ನು ಹೇಳುತ್ತಿದ್ದಾರೆ, ಅಷ್ಟೇ ಎಂದುಕೊಂಡು ನಾನು ನನ್ನ ಮೇಜಿಗೆ ಹೋದೆ. ಅಮೆರಿಕಾದ ಯಾವುದೋ ಮುದುಕನ ಕಥೆಗೂ ನನಗೂ ಏನು ಸಂಬಂಧ?

ಹತ್ತು ವರ್ಷದ ಹಿಂದೆ ನಾನು ನಿವೃತ್ತನಾದೆ. ಬೀಳ್ಕೊಡುವ ದಿನ ಅವರು ಭಾಷಣ ಮಾಡಿ, ತಮ್ಮ ಕಟ್ಟಡಗಳು ನಿಂತಿದ್ದರೆ ಅದು ಮಾಸ್ತರರ ಕೆಂಪು ಪೆನ್ಸಿಲಿನ ಮೇಲೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಆ ಹೊಗಳಿಕೆಯಲ್ಲೂ ಅವರದೇ ದೊಡ್ಡತನ ಕಂಡು ಮೈ ಉರಿಯಿತು.

ಅಂತ್ಯಕ್ರಿಯೆ ಆಗಿ ಹದಿಮೂರು ದಿನ ಕಳೆದ ಮೇಲೆ ಅವರ ಮಗಳು ಮನೆಗೆ ಬಂದಳು. ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು. ಅದು ಯಾರಿಂದ ಬಂತೋ. ಬಟ್ಟೆಯಲ್ಲಿ ಸುತ್ತಿದ ಆ ಅಮೆರಿಕಾದವನ ಪುಸ್ತಕ ತಂದಿದ್ದಳು.

‘ಅಪ್ಪಾ ಹೇಳಿದ್ರು ಕಾಕಾ, ಇದನ್ನ ಮಾಸ್ತರ್ರಿಗೇ ಕೊಡಬೇಕು ಅಂತ. ಅವರು ಒಂದೊಂದ ಹಾಳಿ ನೋಡ್ತಾರು, ಬ್ಯಾರೆದವ್ರು ಚಿತ್ರಾ ನೋಡಿ ಇಡ್ತಾರು ಅಂದ್ರು.’

ಅವರು ಹೇಳಿದಂತೆಯೇ ಮಾಡಿದೆ. ದಿನವೂ ನಾಲ್ಕರಿಂದ ಐದರವರೆಗೆ, ನಿಘಂಟು ಪಕ್ಕಕ್ಕಿಟ್ಟುಕೊಂಡು, ಒಂಬತ್ತು ದಿನ ಓದಿದೆ. ಓದಲು ಹೆಚ್ಚೇನೂ ಇರಲಿಲ್ಲ. ನಕ್ಷೆಗಳು, ಕಟ್ಟಡಗಳ ಚಿತ್ರಗಳು, ಕೆಳಗೆ ಒಂದೊಂದು ಸಾಲು: ಬ್ಯಾಂಕು, ಊರು, ಇಸವಿ. ಸ್ಟೇಷನ್ನು, ಊರು, ಇಸವಿ. ಬಡಗಿ ತಂದೆ ಇಲ್ಲ. ಭಾರದ ಬಾಗಿಲಿಲ್ಲ, ಜೇಬಿನಲ್ಲಿ ಬ್ರೆಡ್ಡಿಲ್ಲ. ಮುಪ್ಪಿನಲ್ಲಿ ಶಿಷ್ಯನ ಆಫೀಸಿನ ಮೂಲೆಯ ಮೇಜಿಲ್ಲ. ಆ ಮನುಷ್ಯನ ಮುಖ ಕೂಡ ಇಲ್ಲ. ಇಪ್ಪತ್ತು ವರ್ಷ ನಾವು ಕೇಳಿದ ಅಮೆರಿಕಾದವನ ವೃತ್ತಿಯ ಕಥೆಯನ್ನೆಲ್ಲ ಅವರು ರೊಟ್ಟಿ ಮುರಿಯುತ್ತ ಬರಿಗೈಯಲ್ಲೇ ಎಳೆದಿದ್ದರು. ಕೂದಲಿನಷ್ಟೂ ವ್ಯತ್ಯಾಸ ಯಾರಿಗೂ ಕಾಣಲಿಲ್ಲ.

ತಪಾಸಣೆಯ ಹಿರಿಯನೂ ಪುಸ್ತಕದಲ್ಲಿರಲಿಲ್ಲ.

ಒಂಬತ್ತನೆಯ ದಿನ, ಒಂದು ಊರಿನ ಲೈಬ್ರರಿಯ ಚಿತ್ರವಿದ್ದ ಪುಟದ ನಡುವೆ, ನಾಲ್ಕು ಮಡಿಕೆಯ ಒಂದು ಪ್ರಿಂಟು ಸಿಕ್ಕಿತು. ಬಿಚ್ಚಿದರೆ ಆ ಕಾಲದ ಪ್ರಿಂಟುಗಳಿಗಿದ್ದ ಅಮೋನಿಯಾದ ವಾಸನೆ ಇನ್ನೂ ಸ್ವಲ್ಪ ಇತ್ತು. ಗಚ್ಚಿಬೌಲಿ ಲೈಬ್ರರಿಯ ಮೆಟ್ಟಿಲು. ನೂರ ಹದಿನೇಳು ಕೆಂಪು ಗುರುತು. ನನ್ನ ಕೈ. ಇಪ್ಪತ್ತನಾಲ್ಕರ ಪಕ್ಕ ಖಾಲಿ. ಅವರು ಅದರ ಮೇಲೆ ಏನೂ ಬರೆದಿರಲಿಲ್ಲ. ಕಾಗದ ಕಾಯಲು ಬರದ ಮನುಷ್ಯ ಒಂದು ಕಾಗದವನ್ನು ಇಪ್ಪತ್ತೈದು ವರ್ಷ, ಮೂಲೆಯೂ ಮುದುರದಂತೆ, ಕಾದಿದ್ದರು.

ಮರುದಿನ ಬೆಳಿಗ್ಗೆ ಕ್ಯಾಬು ಹಿಡಿದು ಗಚ್ಚಿಬೌಲಿಗೆ ಹೋದೆ. ಈಗ ಸುತ್ತ ಗಾಜಿನ ಕಟ್ಟಡಗಳು ಎದ್ದಿವೆ. ಆ ಎರಡು ಬಂಡೆಗಳನ್ನು ಮಾತ್ರ ಯಾರೂ ಮುಟ್ಟಿಲ್ಲ. ಲೈಬ್ರರಿಯ ಮೆಟ್ಟಿಲು ಎಣಿಸುತ್ತ ಹತ್ತಿದೆ. ಹನ್ನೆರಡಕ್ಕೆ ಮಂಡಿ ಹಿಡಿಯಿತು. ಕಟ್ಟೆಯ ಮೇಲೆ ಒಬ್ಬ ವಿದ್ಯಾರ್ಥಿನಿ ಕಾಲು ಮಡಚಿ ಓದುತ್ತ ಕುಳಿತಿದ್ದಳು. ನನ್ನನ್ನು ನೋಡಿ ಪುಸ್ತಕ ಎತ್ತಿಕೊಂಡು ಸರಿದು, ‘ಕೂರ್ಚೋಂಡಿ ತಾತಗಾರು’ ಎಂದಳು. ಕುಳಿತೆ. ವಯಸ್ಸಾದವರಿಗೆ ಅಂತಲೇ ಈ ಕಟ್ಟೆ ಮಾಡಿರಬೇಕು, ಕಟ್ಟಿದವರು ಯಾರೋ ಒಳ್ಳೆಯವರು ಎಂದು ಅವಳೇ ತೆಲುಗಿನಲ್ಲಿ ಹೇಳಿದಳು. ನಾನು ಹೌದು ಎಂದೆ. ಅವರ ಎದುರು ಒಮ್ಮೆಯೂ ಹೇಳದ ಮಾತು ಅದು. ಉಳಿದ ಹದಿನೈದು ಮೆಟ್ಟಿಲನ್ನು ಹತ್ತಲಿಲ್ಲ. ಎಷ್ಟಿವೆ ಎಂದು ನನಗೆ ಗೊತ್ತು.

ಈಗಲೂ ಹೊಟ್ಟೆಕಿಚ್ಚು ಹೋಗಿಲ್ಲ. ಅವರ ಗೆರೆ, ಅವರ ನಗು, ಗೌಂಡಿಗಳ ಟ್ರಕ್ಕು, ಬಿಸಿ ಚಹಾ, ಇವುಗಳ ಮೇಲೆ ಇದ್ದದ್ದು ಕಡಿಮೆಯಾಗಿದೆ. ಗೊತ್ತಿದ್ದೂ ಸುಮ್ಮನಿದ್ದರಲ್ಲ, ಅದರ ಮೇಲೆ ಹೆಚ್ಚಾಗಿದೆ. ನಾನು ಆ ಕಾಗದ ಇಟ್ಟುಕೊಂಡಿದ್ದರೆ ಒಂದಲ್ಲ ಒಂದು ದಿನ ಹೊರಗೆ ತೆಗೆಯುತ್ತಿದ್ದೆ.

ಮನೆಗೆ ಬಂದು ಊಟ ಮಾಡಿ, ನಾಲ್ಕಕ್ಕೆ ಎಂದಿನಂತೆ ಮೇಜಿಗೆ ಕುಳಿತೆ. ಪ್ರಿಂಟು ಬಿಡಿಸಿ ನಾಲ್ಕು ಮೂಲೆಗೆ ಭಾರ ಇಟ್ಟೆ. ನಿವೃತ್ತನಾದ ದಿನದಿಂದ ಡಬ್ಬಿಯಲ್ಲಿದ್ದ ಕೆಂಪು ಪೆನ್ಸಿಲನ್ನು ಚೂಪು ಮಾಡಿದೆ. ಮೊದಲಿನಿಂದ ಎಲ್ಲ ಅಂಕಿಗಳನ್ನೂ ಮತ್ತೊಮ್ಮೆ ನೋಡಿದೆ. ಇಪ್ಪತ್ತನಾಲ್ಕರ ಸುತ್ತ ಸುತ್ತು ಬರೆದೆ. ಸುತ್ತು ಪೂರ್ತಿ ದುಂಡಗಾಗಲಿಲ್ಲ. ಕೆಳಗೆ ಸಹಿ ಮಾಡಿ, ಇಂದಿನ ತಾರೀಖು ಹಾಕಿದೆ.

ಗಡಿಯಾರ ನೋಡಿದೆ. ನಾಲ್ಕೂ ಐವತ್ತು. ಪ್ರಿಂಟು ಅವರ ಮೇಜಿಗೆ ಹೋಗಲು ಇನ್ನೂ ಹತ್ತು ನಿಮಿಷ ಇತ್ತು.